ಟ್ರ್ಯಾಕ್ಸ್‌ಲರ್ ಕೊನೆಗೂ ಕೈಹಿಡಿಯಿತು

ಟ್ರ್ಯಾಕ್ಸ್‌ಲರ್ ಎಂದರೆ ಚೆಸ್‌ನಲ್ಲಿ ಕಪ್ಪಿನವರು ಆಡುವ ಒಂದು ಆರಂಭ. ದೀರ್ಘ ಆಟದಲ್ಲಿ ಅದು ನಿಲ್ಲುವುದಿಲ್ಲ, ಕೆಲವೇ ನಿಮಿಷಗಳ ಬ್ಲಿಟ್ಸ್ ಆಟಕ್ಕೆ ಮಾತ್ರ ಸರಿ ಎಂದು ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಹಲವು ಸಲ ಹೇಳಿದ್ದರು. ಅವರ ಮಾತಿಗೆ ಆಧಾರವಿತ್ತು. ಐದನೆಯ ನಡೆಯಲ್ಲಿ ಬಿಳಿಯವರು ಕುದುರೆಯ ಬದಲು ಬಿಷಪ್‌ನಿಂದ ಎಫ್7 ಮನೆಯ ಕಾಲಾಳನ್ನು ಹೊಡೆದು ಹಿಂದೆ ಸರಿದರೆ, ಕಪ್ಪು ರಾಜ ಇ7ರಲ್ಲಿ ಸಿಕ್ಕಿಕೊಳ್ಳುತ್ತಾನೆ, ಆ ಕಾಲಾಳೂ ಹೋಗಿರುತ್ತದೆ. ಈ ಒಂದೇ ನಡೆಗೆ ನಾನು ಆರೇಳು ಆಟ ಸೋತು, ಮೂರು ಟೂರ್ನಿಗಳ ಪ್ರವೇಶ ಶುಲ್ಕ ಕಳೆದುಕೊಂಡೆ. ಅದಕ್ಕಿಂತ ಹೆಚ್ಚು ಹಣ ಕೊಟ್ಟು ಕೊಂಡ ವಿಡಿಯೊ ಪಾಠದಲ್ಲಿ ಆ ನಡೆಗೆ ಹತ್ತು ನಿಮಿಷವೂ ಮೀಸಲಿರಲಿಲ್ಲ. ನಡುವೆ ಎರಡು ತಿಂಗಳು ಲ್ಯಾಟ್ವಿಯನ್ ಗ್ಯಾಂಬಿಟ್ ಎಂಬ ಇನ್ನೊಂದು ಆರಂಭ ಆಡಿ ನೋಡಿದೆ. ಅದರ ಫಲಿತಾಂಶ ಇನ್ನೂ ಕೆಟ್ಟದಾಗಿತ್ತು. ಕೊನೆಗೆ ನಾನೇ ಕೂತು ಹುಡುಕಿದ ಉತ್ತರವೊಂದು ಈಗ ನನ್ನ ಬಳಿಯಿದೆ, ಆದರೆ ಮುಂದಿನ ಟೂರ್ನಿ ಮುಗಿಯುವವರೆಗೆ ಅದನ್ನು ಬಿಟ್ಟುಕೊಡುವುದಿಲ್ಲ.

ಕಳೆದ ಟೂರ್ನಿಯ ಎದುರಾಳಿ ಕುದುರೆಯಿಂದಲೇ ಎಫ್7 ಹೊಡೆದರು. ನಾನು ಎಫ್2ರಲ್ಲಿ ಬಿಷಪ್ ಬಲಿಕೊಟ್ಟೆ. 1890ರಲ್ಲಿ ಕಾರೆಲ್ ಟ್ರ್ಯಾಕ್ಸ್‌ಲರ್ ಆಡಿದ ಆಟದಲ್ಲಿ ಬಿಳಿ ರಾಜ ಇಲ್ಲಿ ಇ2ಕ್ಕೆ ನಡೆದಿದ್ದ. ಇವರು ಬಿಷಪ್ ತೆಗೆದುಕೊಂಡರು. ನನ್ನ ಕುದುರೆ ಇ4ರ ಕಾಲಾಳನ್ನು ಹೊಡೆದು ಶಹ (ಚೆಕ್) ಕೊಟ್ಟಿತು, ರಾಜ ಜಿ1ಕ್ಕೆ ಸರಿದ, ರಾಣಿ ಎಚ್4ಕ್ಕೆ ಬಂದು ಎಫ್2ರಲ್ಲಿ ಮಾತ್ (ಚೆಕ್‌ಮೇಟ್) ಮಾಡುವ ಬೆದರಿಕೆ ಒಡ್ಡಿತು. ಅವರು ಜಿ3 ಆಡಿದ್ದರೆ ಆಟ ಡ್ರಾ ಆಗುತ್ತಿತ್ತೆಂಬುದು ನನ್ನ ಲೆಕ್ಕ. ಅವರು ರಾಣಿಯನ್ನು ಎಫ್1ಕ್ಕೆ ತಂದರು, ನಾನು ಕೂಡಲೇ ರೂಕ್ ಅನ್ನು ಎಫ್8ಕ್ಕೆ ಇಟ್ಟೆ.

ಡಿ3 ಆಡಿ ಅವರು ನನ್ನ ಕುದುರೆಯನ್ನು ಕೆಣಕಿದಾಗ ಅದನ್ನು ಡಿ6ಕ್ಕೆ ಹಿಂತೆಗೆದೆ. ಎಷ್ಟೋ ಸಂಜೆ ಹಲಗೆಯ ಮೇಲೆ ಆಡಿ ನೋಡಿದ್ದ ನಡೆಯಿದು. ಅವರ ಕುದುರೆ ಅದನ್ನು ಶಹದೊಡನೆ ಹೊಡೆಯಿತು, ನಾನು ಸಿ ಕಾಲಾಳಿನಿಂದ ಮರುಹೊಡೆದೆ. ಅಷ್ಟಕ್ಕೆ ಎಫ್ ಸಾಲು ತೆರೆದು ಅವರ ರಾಣಿ ನನ್ನ ರೂಕ್‌ಗೆ ಎದುರಾಯಿತು. ರಾಣಿ ಇ2ಕ್ಕೆ ಹೋದರೆ ಕುದುರೆ ಡಿ4ಕ್ಕೆ, ರಾಣಿ ಡಿ2ಕ್ಕೆ ಹೋದರೆ ನನ್ನ ರಾಣಿ ಜಿ4ಕ್ಕೆ. ಆಟ ಹಾಗೆಯೇ ಸಾಗಿತು. ಬಿಷಪ್ ಒಂದು ಕಡಿಮೆಯಿದ್ದರೂ ಈ ಸ್ಥಿತಿ ಕಪ್ಪಿನದೇ ಎಂದು ನನಗೆ ಖಚಿತವಿತ್ತು.

ಸುಮಾರು ಇಪ್ಪತ್ತು ನಿಮಿಷ ಯೋಚಿಸಿ ಅವರು ಎಚ್3 ತಳ್ಳಿ ನನ್ನ ರಾಣಿಯನ್ನು ಕೆಣಕಿದರು. ನಾನು ಕುದುರೆಯನ್ನು ಎಫ್3ರಲ್ಲಿಟ್ಟು ರಾಜನಿಗೂ ರಾಣಿಗೂ ಒಟ್ಟಿಗೇ ಗುರಿಯಿಟ್ಟೆ. ಅವರ ಕೈ ಜಿ2ರ ಕಾಲಾಳಿನವರೆಗೆ ಹೋಗಿ ನಿಂತಿತು. ನನ್ನ ರಾಣಿ ಜಿ ಸಾಲಿನಲ್ಲಿದ್ದುದರಿಂದ ಆ ಕಾಲಾಳು ರಾಜನ ಮುಂದಿನಿಂದ ಕದಲುವಂತಿರಲಿಲ್ಲ. ಅವರು ಗಡಿಯಾರ ನಿಲ್ಲಿಸಿ ಕೈಕುಲುಕಿದರು.