ಪೌಲನ ಟೂರ್ ಟೀ-ಶರ್ಟ್: ಪಾಪ್ ಶೈಲಿಯನ್ನು ಸಭೆಯವರ ಬಟ್ಟೆಗೆ ಇಳಿಸಿದ ನನ್ನ ಅನುಭವ

ಬ್ಯಾಂಡುಗಳ ಟೂರ್ ಟೀ-ಶರ್ಟಿನ ಬೆನ್ನಿಗೆ ಒಂದು ಪಟ್ಟಿ ಇರುತ್ತಲ್ಲ, ಎಡಕ್ಕೆ ತಾರೀಖು, ಬಲಕ್ಕೆ ಊರು. ಅಲ್ಲಿ ಬೈಬಲಿನ ಪೌಲ, ಬಾರ್ನಬರು ಸುವಾರ್ತೆ ಸಾರಲು ಹೋದ ಮೊದಲ ಪ್ರಯಾಣದ ಊರುಗಳನ್ನು ಹಾಕುತ್ತೇನೆ ಅಂದಾಗ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯಾರೂ ಒಪ್ಪಲಿಲ್ಲ. ಹಿರಿಯರಿಗೆ ಅದು ಲೋಕದ ವೇಷ, ಯೌವನಸ್ಥರಿಗೆ ಸಂಡೇ ಸ್ಕೂಲಿನ ಚಾರ್ಟು. ಶಿಲುಬೆಯಿಲ್ಲ, ಯೇಸುವಿನ ಹೆಸರಿಲ್ಲ, ಕ್ರೈಸ್ತರ ಬಟ್ಟೆ ಅಂತ ಗೊತ್ತಾಗುವುದಾದರೂ ಹೇಗೆ ಅಂತ ಎರಡೂ ಕಡೆಯವರು ಕೇಳಿದರು. ಈಗ ಮೂರನೇ ಸಲ ಪ್ರಿಂಟ್ ಆಗಿದೆ, ಹಾಗಾಗಿ ಬರೆಯುವ ಧೈರ್ಯ.

ಮೊದಲು ಕೈಸುಟ್ಟುಕೊಂಡದ್ದು ಲೋಗೊ ತಿರುಚುವ ಕೆಲಸದಲ್ಲಿ. ಎಲ್ಲರಿಗೂ ಗೊತ್ತಿರುವ ಕಂಪನಿಯ ಅಕ್ಷರದ ಶೈಲಿಯಲ್ಲೇ ಯೇಸುವಿನ ಹೆಸರು ಕೂರಿಸುವುದು. ಟ್ರೇಡ್‌ಮಾರ್ಕಿನ ತಂಟೆ ಒಂದು ಕಡೆ ಇರಲಿ, ದೊಡ್ಡ ತೊಂದರೆ ಕಣ್ಣಿನದು. ಹತ್ತು ಅಡಿ ದೂರದಿಂದ ಕಾಣುವುದು ಆ ಕಂಪನಿ, ಯೇಸುವಲ್ಲ. ಹತ್ತಿರ ಬಂದು ಓದಿದವರು ಒಂದು ಸಲ ನಗುತ್ತಾರೆ, ಎರಡನೇ ಸಲಕ್ಕೆ ಅದು ಹಳೇ ಜೋಕು. ಆಮೇಲೆ ಎದೆ ತುಂಬ ಇಡೀ ಬೈಬಲ್ ವಚನ ಅಚ್ಚು ಹಾಕಿದೆ. ಮೂವತ್ತು ಪದ ದಾಟಿದರೆ ಅದು ಬಟ್ಟೆಯಾಗಿ ಉಳಿಯಲ್ಲ, ಬ್ಯಾನರ್ ಆಗುತ್ತೆ. ಭಾನುವಾರ ಹಾಕುತ್ತಾರೆ, ಆಮೇಲೆ ಮಲಗುವಾಗ.

ನನ್ನ ಅಳತೆಗೋಲು ಎಷ್ಟು ಮಾರಾಟವಾಯಿತು ಅನ್ನುವುದಲ್ಲ, ಕೊಂಡವರು ಒಂದು ತಿಂಗಳಲ್ಲಿ ಭಾನುವಾರ ಬಿಟ್ಟು ಬೇರೆ ದಿನ ಎಷ್ಟು ಸಲ ಹಾಕಿದರು ಅನ್ನುವುದು. ಲೋಗೊ ಅಂಗಿ ನಲವತ್ತರಲ್ಲಿ ಆರೋ ಏಳೋ ಜನ ಹೊರಗೆ ಹಾಕಿದ್ದರು. ಟೂರ್ ಅಂಗಿ ಅಷ್ಟೇ ಸಂಖ್ಯೆಯಲ್ಲಿ ಹತ್ತಿರ ಹತ್ತಿರ ಮೂವತ್ತು.

ಪಾಪ್ ಶೈಲಿಯಿಂದ ಎರವಲು ಪಡೆಯಬೇಕಾದ್ದು ಪದಗಳನ್ನಲ್ಲ, ಅದರ ವ್ಯಾಕರಣವನ್ನು. ಎಲ್ಲಿ ಅಚ್ಚು, ಎಷ್ಟು ದೊಡ್ಡದು, ಹೆಗಲು ಎಲ್ಲಿ ಇಳಿಯುತ್ತೆ, ಬಣ್ಣ ಎಷ್ಟು ಮಾಸಿದೆ, ಇವಿಷ್ಟೇ. ಟೂರ್ ಪಟ್ಟಿಗೆ ತಾರೀಖು ಬೇಕು. ಪೌಲನ ಪ್ರಯಾಣಕ್ಕೆ ಇಸವಿ ಹಾಕಿದರೆ ಪಂಡಿತರ ಜಗಳ. ಅದಕ್ಕೆ ಈ ಪ್ರಯಾಣದ ಕಥೆ ಇರುವ ಬೈಬಲಿನ ಪುಸ್ತಕ, ಅಪೊಸ್ತಲರ ಕೃತ್ಯಗಳ ಅಧ್ಯಾಯ, ವಚನವನ್ನೇ ತಾರೀಖಿನ ಜಾಗಕ್ಕೆ ತಂದೆ:

13.4 ಸೆಲ್ಯೂಕ್ಯ
13.5 ಸಲಮೀಸ್
13.6 ಪಾಫೋಸ್
13.13 ಪೆರ್ಗೆ
13.14 ಪಿಸಿದ್ಯದ ಅಂತಿಯೋಕ್ಯ
13.51 ಇಕೋನ್ಯ
14.8 ಲುಸ್ತ್ರ
14.20 ದೆರ್ಬೆ
14.25 ಅತ್ತಾಲ್ಯ
14.26 ಅಂತಿಯೋಕ್ಯ

ಮೊದಲ ಮೂರು ಸಾಲು ಏಪ್ರಿಲ್, ಮೇ, ಜೂನಿನ ತಾರೀಖಿನಂತೆ ಓದಿಸಿಕೊಂಡು ಹೋಗುತ್ತವೆ. 13.13ಕ್ಕೆ ಬಂದಾಗ ಕಣ್ಣು ಎಡವುತ್ತೆ, ಹದಿಮೂರನೇ ತಿಂಗಳು ಎಲ್ಲಿದೆ? ಬೆನ್ನ ಹಿಂದೆ ಕ್ಯೂನಲ್ಲಿ ನಿಂತವರು ಭುಜ ತಟ್ಟಿ ಕೇಳುವುದು ಅಲ್ಲೇ. ಮಧ್ಯೆ ಚುಕ್ಕೆಯೇ ಇರಬೇಕು, ವಚನಕ್ಕೆ ಹಾಕುವ ಎರಡು ಚುಕ್ಕೆ ಹಾಕಿದರೆ ಗುಟ್ಟು ಮೊದಲ ಸಾಲಿನಲ್ಲೇ ಬಯಲಾಗುತ್ತೆ.

ಟೂರ್ ಪಟ್ಟಿಯಲ್ಲಿ ಕೆಲವು ಊರಿನ ಮುಂದೆ 'ಸೋಲ್ಡ್ ಔಟ್' ಅಂತ ಇರುತ್ತೆ. ಆ ಜಾಗದಲ್ಲಿ ಲುಸ್ತ್ರದ ಎದುರು 'ಕಲ್ಲೆಸೆತ' ಅಂತ ಹಾಕಿ ಒಂದು ಸ್ಯಾಂಪಲ್ ಮಾಡಿದೆ. ಹಿರಿಯರೊಬ್ಬರು ಬೇಡ ಅಂದರು, ಅವರು ಹೇಳಿದ್ದೇ ಸರಿ. 14ನೇ ಅಧ್ಯಾಯದಲ್ಲಿ ಜನ ಕಲ್ಲೆಸೆದು, ಸತ್ತನೆಂದುಕೊಂಡು ಊರಾಚೆ ಎಳೆದುಹಾಕಿದ ಪೌಲನ ಬಗ್ಗೆ ಬೆನ್ನ ಮೇಲೆ ತಮಾಷೆ ಒಪ್ಪಲ್ಲ. ಒಂದನ್ನು ಮಾತ್ರ ಉಳಿಸಿಕೊಂಡೆ: ಪೆರ್ಗೆಯ ಮುಂದೆ ಸಣ್ಣಗೆ 'ಒಬ್ಬರು ವಾಪಸ್'. ಜೊತೆಗಿದ್ದ ಯೋಹಾನನು ಅಲ್ಲಿಂದಲೇ ಯೆರೂಸಲೇಮಿಗೆ ಮರಳಿದ್ದು ಗೊತ್ತಿದ್ದವರು ನಗುತ್ತಾರೆ, ಬ್ಯಾಂಡ್ ಬಿಟ್ಟುಹೋದವರ ಕಥೆ ಗೊತ್ತಿದ್ದವರೂ ನಗುತ್ತಾರೆ.

ಇಂಗ್ಲಿಷ್ ಅಂಗಿಗೆ ಬ್ಲ್ಯಾಕ್‌ಲೆಟರ್ ಬಳಸಿದೆ, ದಪ್ಪ ಗೀಟಿನ, ಚೂಪು ಮೂಲೆಯ ಹಳೇ ಕಾಲದ ಅಕ್ಷರ. ಅದು ಮೆಟಲ್ ಬ್ಯಾಂಡುಗಳ ಅಕ್ಷರ, ಸಭೆಗೆ ತಕ್ಕದ್ದಲ್ಲ ಅಂತ ಆಕ್ಷೇಪ ಬಂದರೆ ಒಂದೇ ಉತ್ತರ ಸಾಕು: 1455ರ ಸುಮಾರಿಗೆ ಗುಟೆನ್‌ಬರ್ಗ್ ಬೈಬಲ್ ಅಚ್ಚಾದದ್ದು ಇದೇ ಜಾತಿಯ ಅಕ್ಷರದಲ್ಲಿ. ಬ್ಯಾಂಡುಗಳು ಎರವಲು ಪಡೆದದ್ದು ಆಮೇಲೆ. ಶಿಲುಬೆಯೂ ಹಾಗೆಯೇ ಹೋಗಿ ಬಂದಿದೆ. 1980ರ ದಶಕದಲ್ಲಿ ಮಡೋನಾ ಕೊರಳಿಗೆ ಹಾಕಿಕೊಂಡ ಮೇಲೆ ಅದು ಫ್ಯಾಷನ್ ಆಯಿತು, 2018ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕ್ಯಾಥೊಲಿಕ್ ಕಲ್ಪನೆ ಮತ್ತು ಫ್ಯಾಷನ್ ಬಗ್ಗೆಯೇ ಪ್ರದರ್ಶನ ಇಟ್ಟಿತು. ಯಾರು ಯಾರಿಂದ ತೆಗೆದುಕೊಂಡರು ಅಂತ ಲೆಕ್ಕ ಇಡುತ್ತಾ ಕೂತರೆ ಅಂಗಿ ಪ್ರಿಂಟ್ ಆಗಲ್ಲ.

ಕನ್ನಡ ಅಂಗಿಯೇ ಹೆಚ್ಚು ಕಾಡಿದ್ದು. ಎಲ್ಲ ಕಷ್ಟವೂ 'ಲುಸ್ತ್ರ'ದಲ್ಲಿ. ಸ್ತ್ರ ಅಂದರೆ ಒಂದರ ಕೆಳಗೊಂದು ಎರಡು ಒತ್ತು. ದಪ್ಪ ಅಕ್ಷರ ಆಯ್ದು, ಸ್ಕ್ರೀನ್ ಪ್ರಿಂಟಿನ 43ಟಿ ಮೆಶ್‌ನಲ್ಲಿ (ಸೆಂ.ಮೀ.ಗೆ 43 ಎಳೆಯ ಜಾಲರಿ) ತೆಗೆದರೆ ಒತ್ತುಗಳ ನಡುವಿನ ಸಂದು ಮುಚ್ಚಿಹೋಗಿ ಒಂದು ಬಿಳಿ ಮುದ್ದೆ ಉಳಿಯಿತು. ಅಕ್ಷರದ ಎತ್ತರ 14 ಮಿ.ಮೀ.ಗೆ ಏರಿಸಿದೆ, ಸ್ಕ್ರೀನಿಗೆ ಅಚ್ಚು ಇಳಿಸುವ ಫಿಲ್ಮಿನಲ್ಲಿ ಯಾವ ಸಂದೂ ಅರ್ಧ ಮಿ.ಮೀ.ಗಿಂತ ಕಿರಿದಾಗದಂತೆ ಕೈಯಿಂದಲೇ ತಿದ್ದಿದೆ, ಮೆಶ್ 77ಟಿಗೆ ಬದಲಾಯಿಸಿದೆ. ಅಲ್ಲಿಗೆ ಇನ್ನೊಂದು ತೊಂದರೆ: 77ಟಿಯಲ್ಲಿ ಇಂಕು ತೆಳ್ಳಗೆ ಬೀಳುತ್ತೆ, ಕಪ್ಪು ಬಟ್ಟೆಯ ಮೇಲೆ ಬಿಳಿ ಹೋಗಿ ಬೂದಿಯಾಗುತ್ತೆ. ಒಂದು ಸಲ ಎಳೆದು, ಫ್ಲ್ಯಾಷ್ ಮಾಡಿ (ಸ್ವಲ್ಪ ಹೊತ್ತು ಬಿಸಿ ಕೊಟ್ಟು ಮೇಲ್ಪದರ ಒಣಗಿಸಿ), ಅದೇ ಸ್ಕ್ರೀನಿನಲ್ಲಿ ಮತ್ತೊಂದು ಸಲ ಎಳೆಯಬೇಕು. ಫ್ಲ್ಯಾಷ್ ಅತಿಯಾದರೆ ಎರಡನೇ ಪದರ ಮೊದಲನೆಯದಕ್ಕೆ ಕಚ್ಚಲ್ಲ, ನಾಲ್ಕೇ ಒಗೆತಕ್ಕೆ ಸಿಪ್ಪೆ ಏಳುತ್ತೆ. ಬೆರಳಿಗೆ ಅಂಟಬಾರದು, ಅಷ್ಟು ಒಣಗಿದರೆ ಸಾಕು. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದರ ಎರಡರಷ್ಟು ಜಾಗ ಬಿಡಿ, ಇಲ್ಲದಿದ್ದರೆ ಲುಸ್ತ್ರದ ಒತ್ತು ದೆರ್ಬೆಯ ತಲೆಗೆ ತಾಗುತ್ತೆ.

ಮೊದಲ ಬ್ಯಾಚ್ ಐವತ್ತರಲ್ಲಿ ಹನ್ನೆರಡೋ ಹದಿಮೂರೋ ಹಾಳು. ಅರ್ಧ ನನ್ನ ಆತುರದಿಂದ: ಪ್ಲಾಸ್ಟಿಸಾಲ್ (ಬಿಸಿಗೆ ಮಾತ್ರ ಗಟ್ಟಿಯಾಗುವ ಇಂಕು) ಮೇಲ್ಮೈಯಲ್ಲಿ ಗಟ್ಟಿಯಾಗಿತ್ತು, ಒಳಗೆ 160 ಡಿಗ್ರಿ ಸೆಲ್ಸಿಯಸ್ ತಲುಪಿರಲಿಲ್ಲ. ಅಚ್ಚಿನ ಎರಡೂ ಬದಿ ಹಿಡಿದು ಎಳೆದಾಗ ಬಿರುಕು ಬಿಟ್ಟರೆ ಕ್ಯೂರ್ ಆಗಿಲ್ಲ, ಅಂದರೆ ಒಳಗಿನವರೆಗೂ ಗಟ್ಟಿಯಾಗಿಲ್ಲ ಅಂತಲೇ ಅರ್ಥ. ಇನ್ನರ್ಧ ಬಟ್ಟೆಯ ಕಾರಣ. ಕೆಂಪು ಬಣ್ಣದ, ಪಾಲಿಯೆಸ್ಟರ್ ಬೆರೆತ ಟೀ-ಶರ್ಟ್ ಅಗ್ಗಕ್ಕೆ ಸಿಕ್ಕಿತು ಅಂತ ತಂದಿದ್ದೆ. ಬಿಸಿಗೆ ಬಟ್ಟೆಯ ಬಣ್ಣ ಮೇಲೆದ್ದು ಬಿಳಿ ಇಂಕಿಗೆ ಸೇರಿತು, ಎರಡು ದಿನದಲ್ಲಿ ಊರಿನ ಹೆಸರುಗಳೆಲ್ಲ ಗುಲಾಬಿ. ಅಪ್ಪಟ ಹತ್ತಿಯೇ ಬೇಕು, ಇಲ್ಲವೇ ಕಡಿಮೆ ಬಿಸಿಗೆ ಕ್ಯೂರ್ ಆಗುವ, ಬಣ್ಣ ತಡೆಯುವ ಇಂಕು ಬೇಕು.

ಮಾಸಿದ ನೋಟಕ್ಕೆ ಡಿಸ್ಚಾರ್ಜ್ ಇಂಕೂ ನೋಡಿದೆ, ಬಟ್ಟೆಯ ಬಣ್ಣವನ್ನೇ ತೆಗೆಯುವ ಇಂಕು. ಕೈಗೆ ಅಚ್ಚು ಇರುವುದೇ ತಿಳಿಯಲ್ಲ, ನಿಜಕ್ಕೂ ಹಳೇ ಟೂರ್ ಅಂಗಿಯ ಹಾಗೆ. ಆದರೆ ಬೆರೆಸಿದ ಇಂಕು ಅದೇ ದಿನ ಮುಗಿಯಬೇಕು, ಒಲೆಯಿಂದ ಕೊಳೆತ ಮೊಟ್ಟೆಯ ವಾಸನೆ, ಗಾಳಿ ಆಡದ ಕೋಣೆಯಲ್ಲಿ ಆ ಕೆಲಸಕ್ಕೆ ಇಳಿಯಲೇಬೇಡಿ. ಕಪ್ಪು ಬಟ್ಟೆಯಲ್ಲೂ ಒಂದೊಂದು ಥಾನಿನ ಡೈ ಒಂದೊಂದು ರೀತಿ: ಒಂದು ಕೆನೆಬಣ್ಣಕ್ಕೆ ಬಂತು, ಇನ್ನೊಂದು ಕಿತ್ತಳೆಗೆ ತಿರುಗಿ ನಿಂತಿತು. ಕೊನೆಗೆ ಪ್ಲಾಸ್ಟಿಸಾಲಿಗೇ ಮರಳಿ, ಸವೆದ ಕಲೆಗಳನ್ನು ಫಿಲ್ಮಿನಲ್ಲೇ ಹಾಕಿದೆ. ಆ ಕಲೆಗಳನ್ನು ಯಾವುದರಿಂದ ಒತ್ತಿ ತೆಗೆದೆ ಅನ್ನುವುದನ್ನು ಮಾತ್ರ ಹೇಳಲ್ಲ. ಅಡುಗೆಮನೆಯಲ್ಲೇ ಇದೆ, ಹುಡುಕಿಕೊಳ್ಳಿ. ಬಿಳಿಗೆ ಬೆರೆಸುವ ಬೂದಿಬಣ್ಣದ ಪ್ರಮಾಣವೂ ನನ್ನಲ್ಲೇ ಇರಲಿ.

ಅಳತೆ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಓವರ್‌ಸೈಜ್ ಬೇಕು ಅಂತ ಮಾಮೂಲಿ ಕಟಿಂಗಿನಲ್ಲೇ ಎರಡು ಸೈಜ್ ದೊಡ್ಡದು ಕೊಳ್ಳುವುದು. ಸೈಜ್ ಏರಿದಂತೆ ಅಗಲದ ಜೊತೆ ಉದ್ದವೂ ಕತ್ತೂ ಏರುತ್ತೆ, ನೋಡಿದರೆ ಅಣ್ಣನ ಅಂಗಿ. ಓವರ್‌ಸೈಜಿಗೆ ಬೇಕಾದ ಬಾಕ್ಸಿ ಕಟಿಂಗೇ ಬೇರೆ: ಎದೆ ಅಗಲ, ಉದ್ದ ಸೊಂಟದ ಕೆಳಕ್ಕೆ ಸ್ವಲ್ಪವೇ, ಹೆಗಲ ಹೊಲಿಗೆ ತೋಳಿಗೆ ಇಳಿದಿರಬೇಕು, ಕತ್ತಿನ ರಿಬ್ ಎರಡೂವರೆ ಸೆಂ.ಮೀ. ಬಿಗಿಯಾಗಿ. ಬಟ್ಟೆ 220ರಿಂದ 240 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ). 180ರದ್ದು ಮೈಗೆ ಅಂಟಿಕೊಂಡು ನೇತಾಡುತ್ತೆ. ಮೈಗೆ ಅಂಟುವ ಬಟ್ಟೆಯ ಬಗ್ಗೆ ಹಿರಿಯರ ತಕರಾರೂ ಇದರಿಂದ ತಾನಾಗಿಯೇ ತೀರಿತು. ಪಾಪ್ ಶೈಲಿಯೂ ಸಭಾಪಾಲಕರೂ ಒಂದೇ ಮಾತಿಗೆ ಬಂದದ್ದು ಇದೊಂದರಲ್ಲೇ. ಬೆನ್ನಿನ ಅಚ್ಚು 35 ಸೆಂ.ಮೀ. ಅಗಲ, ಕಾಲರಿನಿಂದ 10 ಸೆಂ.ಮೀ. ಕೆಳಗೆ. ಮುಂದೆ ಎಡ ಎದೆಗೆ 8 ಸೆಂ.ಮೀ.ನ ಒಂದು ಹಡಗು, ಬೇರೇನೂ ಇಲ್ಲ.

ದುಡ್ಡಿನ ಲೆಕ್ಕ: ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಅಂಗಿಗೇ ಹೋಗುತ್ತೆ, ಇಂಕು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಹಾಳಾಗುವ ಒಂದೊಂದು ಅಂಗಿಯೂ ಎರಡು ಅಂಗಿಯ ಲಾಭ ನುಂಗುತ್ತೆ. ಎರಡನೇ ಬ್ಯಾಚಿನಿಂದ ಅರ್ಧ ಮುಂಗಡ ಪಡೆದು, ಸೈಜ್ ಬರೆಸಿಕೊಂಡೇ ಬಟ್ಟೆ ತಂದೆ. ಅದಕ್ಕೂ ಮೊದಲು ಅಂದಾಜಿನ ಮೇಲೆ ತಂದ ಎಕ್ಸ್‌ಎಲ್ ಅಂಗಿಗಳಲ್ಲಿ ಒಂಬತ್ತು ಇನ್ನೂ ಪೆಟ್ಟಿಗೆಯಲ್ಲಿವೆ. ಬಣ್ಣ ಒಂದೇ ಇರಲಿ. ಎರಡನೇ ಬಣ್ಣ ಅಂದರೆ ಎರಡನೇ ಸ್ಕ್ರೀನು, ಎರಡನೇ ಹೊಂದಾಣಿಕೆ, ಎರಡರಷ್ಟು ತಪ್ಪು.

ನಡುವೆ ಕೈಪಟ್ಟಿಗೂ ಕೈ ಹಾಕಿದ್ದೆ. 1989ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಂದು ಸಭೆಯ ಯೌವನಸ್ಥರಿಗಾಗಿ ಶುರುವಾದ 'ಡಬ್ಲ್ಯೂ ಡಬ್ಲ್ಯೂ ಜೆ ಡಿ' (ವಾಟ್ ವುಡ್ ಜೀಸಸ್ ಡೂ) ಕೈಪಟ್ಟಿ ಲೋಕವೆಲ್ಲ ಹರಡಿದ್ದು ನಾಲ್ಕು ಅಕ್ಷರದ ಬಲದಿಂದ. 'ಯೇಸುವಾಗಿದ್ದರೆ ಏನು ಮಾಡುತ್ತಿದ್ದ' ಅನ್ನುವುದನ್ನು 'ಯೇ ಏ ಮಾ' ಅಂತ ಮೊಟಕು ಮಾಡಿದರೆ ಬೈದ ಹಾಗೆ ಕೇಳುತ್ತೆ. ಕೈಬಿಟ್ಟೆ. ಜಪಸರವನ್ನು ಸರದಂತೆ ಕೊರಳಿಗೆ ಹಾಕುವ ಪಾಪ್ ಚಾಳಿಯನ್ನು ಮುಟ್ಟಲೇ ಇಲ್ಲ. ಕ್ಯಾಥೊಲಿಕ್ ಗೆಳೆಯರಿಗೆ ಅದು ಪ್ರಾರ್ಥನೆಯ ಸಾಧನ, ಆಭರಣವಲ್ಲ. ಟೋಪಿಯ ಮೇಲೆ ಎರಡು ಸೆಂ.ಮೀ.ನ, ಆದಿ ಕ್ರೈಸ್ತರ ಮೀನಿನ ಗುರುತು ಕಸೂತಿ ಮಾಡಿಸಿದ್ದು ಮಾತ್ರ ಚೆನ್ನಾಗಿ ಬಂತು, ಬಟ್ಟೆಯದೇ ಬಣ್ಣದ ದಾರದಲ್ಲಿ.

ಈಗ ಎರಡನೇ ಪ್ರಯಾಣದ ಅಂಗಿ ಕೈಯಲ್ಲಿದೆ. 15ರ ಕೊನೆಯಿಂದ 18ನೇ ಅಧ್ಯಾಯದವರೆಗಿನ ಊರುಗಳು ಇಪ್ಪತ್ತರ ಹತ್ತಿರ ಆಗುತ್ತವೆ, ಎಸ್ ಸೈಜಿನ ಬೆನ್ನಿಗೆ ಹಿಡಿಸಲ್ಲ. ಅಕ್ಷರ 10 ಮಿ.ಮೀ.ಗೆ ಇಳಿಸಿದರೆ 'ಫಿಲಿಪ್ಪಿ'ಯ ಒತ್ತು ಮುಚ್ಚಿಕೊಳ್ಳುತ್ತೆ, ಎರಡು ಕಾಲಂ ಮಾಡಿದರೆ ಬಸ್ಸಿನ ವೇಳಾಪಟ್ಟಿ. ಮಕೆದೋನ್ಯ ಮುಗಿಯುವವರೆಗೆ ಬೆನ್ನಿಗೆ, ಅಥೇನೆಯಿಂದ ಮುಂದಿನದು ತೋಳಿನ ಉದ್ದಕ್ಕೆ ಇಳಿಸಿ ನೋಡುತ್ತಿದ್ದೇನೆ. ತೋಳಿಗೆ ಬೇರೆ ಪ್ಯಾಲೆಟ್ (ಅಂಗಿ ಹಾಸಿ ಅಚ್ಚು ಹಾಕುವ ಹಲಗೆ) ಬೇಕು, ಅದಿನ್ನೂ ಸಿದ್ಧವಾಗಿಲ್ಲ.