ಗ್ಲಿಯೋಬ್ಲಾಸ್ಟೋಮಾ ಸ್ಟೆಮ್ ಸೆಲ್‌ಗಳಿಗೆ ರೇಡಿಯೇಶನ್ ಕೊಟ್ಟು ಲೆಕ್ಕ ಹಾಕುವುದು ಹೇಗೆ

ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್ ಗಡ್ಡೆ ಮೇಲೆ ಕೆಲಸ ಮಾಡುವ ಲ್ಯಾಬ್‌ಗೆ ಹೊಸದಾಗಿ ಸೇರಿದವರಿಗೆ ಬೇಗ ಸಿಗುವ ಕೆಲಸ ಇದು: ಸ್ಟೆಮ್ ಸೆಲ್‌ಗಳಿಗೆ, ಅಂದರೆ ಗಡ್ಡೆಯನ್ನು ಮತ್ತೆ ಕಟ್ಟಬಲ್ಲ ಸೆಲ್‌ಗಳಿಗೆ, ರೇಡಿಯೇಶನ್ ಕೊಡು, ಎಷ್ಟು ಉಳಿದವು ಹೇಳು. ಎಷ್ಟೋ ಜನ ಮೂರನೇ ದಿನ ಎಂಟಿಟಿ (ಜೀವಂತ ಸೆಲ್‌ಗಳಲ್ಲಿ ಬಣ್ಣ ಬದಲಾಗುವ ರಾಸಾಯನಿಕ) ಹಾಕಿ, ಬಣ್ಣ ಓದಿ, ಗ್ರಾಫ್ ಎಳೆದು ಮುಗಿಸುತ್ತಾರೆ. ಅಷ್ಟಕ್ಕೇ ನಿಲ್ಲಬೇಡಿ. ರೇಡಿಯೇಶನ್ ಬಿದ್ದ ಸೆಲ್ ಒಂದೆರಡು ಸಲ ವಿಭಜನೆಯಾಗಿ ಆಮೇಲೆ ಸಾಯಬಹುದು, ಇಲ್ಲಾ ಸಾಯದೆ, ಬೆಳೆಯದೆ ಸುಮ್ನೆ ಕೂತಿರಬಹುದು. ಅದು ಮತ್ತೆ ಗಡ್ಡೆ ಕಟ್ಟಬಲ್ಲದಾ ಅನ್ನೋದಷ್ಟೇ ನಮಗೆ ಬೇಕು.

ಯಾಕೆ ಬೇಕು ಅಂದರೆ, ರೋಗಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ (ಗ್ರೇ ಅಂದರೆ ರೇಡಿಯೇಶನ್ ಡೋಸಿನ ಅಳತೆ) 30 ಸಲ, ಒಟ್ಟು 60 ಗ್ರೇ ಕೊಡುತ್ತಾರೆ, ಜೊತೆಗೆ ಟೆಮೊಜೊಲೊಮೈಡ್ ಎಂಬ ಕೀಮೋಥೆರಪಿ ಮಾತ್ರೆ. ಆದರೂ ಹೆಚ್ಚಿನವರಲ್ಲಿ ಗಡ್ಡೆ ರೇಡಿಯೇಶನ್ ಬಿದ್ದ ಜಾಗದಲ್ಲೇ ಅಥವಾ ಅದರ ಪಕ್ಕದಲ್ಲೇ ವಾಪಸ್ ಬರುತ್ತದೆ. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಮೈಮೇಲೆ ಸಿಡಿ133 ಎಂಬ ಪ್ರೋಟೀನ್ ಗುರುತಿರುವ ಸೆಲ್‌ಗಳು ಡಿಎನ್‌ಎ ಪೆಟ್ಟನ್ನು ಬೇಗ ರಿಪೇರಿ ಮಾಡಿಕೊಳ್ಳುತ್ತವೆ ಎಂದು ತೋರಿಸಿತು. ಡಿಎನ್‌ಎ ಪೆಟ್ಟಿನ ಸುದ್ದಿ ಮುಟ್ಟಿಸುವ ಚೆಕ್1, ಚೆಕ್2 ಎಂಬ ಕೈನೇಸ್ ಎಂಜೈಮ್‌ಗಳನ್ನು ತಡೆದಾಗ ಆ ತಾಕತ್ತು ಕಡಿಮೆಯಾಯಿತು.

ಸೆಲ್ ಬೆಳೆಸುವಾಗ ಸೀರಮ್ (ರಕ್ತದಿಂದ ತೆಗೆದ ದ್ರವ) ಬೇಡ. ಬಿ27 ಎಂಬ ಪೋಷಕ ಮಿಶ್ರಣ, ಇಜಿಎಫ್ ಮತ್ತು ಎಫ್‌ಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್‌ಗಳು ಇರುವ ಮೀಡಿಯಾ, ಅಂದರೆ ಸೆಲ್ ಬೆಳೆಯುವ ದ್ರವ, ಸಾಕು. ಗ್ರೋತ್ ಫ್ಯಾಕ್ಟರ್ ಎರಡನ್ನೂ ಸಾಮಾನ್ಯವಾಗಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಹಾಕುತ್ತಾರೆ. ಇದರಲ್ಲಿ ಸೆಲ್‌ಗಳು ಗುಂಪುಗೂಡಿ ಗೋಳಗಳಾಗಿ ತೇಲುತ್ತವೆ. ಸೀರಮ್ ಸೇರಿದರೆ ಆ ಗೋಳಗಳು ತಳಕ್ಕೆ ಅಂಟಿ, ಚಪ್ಪಟೆಯಾಗಿ ಕೈಕಾಲು ಚಾಚುತ್ತವೆ, ಅಲ್ಲಿಗೆ ಅವು ಸ್ಟೆಮ್ ಸೆಲ್ ಗುಣ ಬಿಡತೊಡಗಿದವು ಅಂತ ತಿಳಿಯಿರಿ.

ಈಗ ಗೋಳಗಳನ್ನು ಅಕ್ಯೂಟೇಸ್ ಎಂಬ ಎಂಜೈಮ್ ದ್ರವ ಹಾಕಿ ಒಂಟಿ ಸೆಲ್‌ಗಳಾಗಿ ಬಿಡಿಸಿ, 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿ. ಜೋಡಿ ಜೋಡಿಯಾಗಿ ಅಂಟಿಕೊಂಡಿರುವುದು ಕಣ್ಣಿಗೆ ಬಿದ್ದರೆ ಮುಂದೆ ಹೋಗಲೇಬೇಡಿ. ಒಂದು ಸತ್ತು ಇನ್ನೊಂದು ಗೋಳ ಕಟ್ಟಿದರೂ ನಿಮ್ಮ ಲೆಕ್ಕದಲ್ಲಿ ಅದು "ಒಂದು ಸೆಲ್ ಉಳಿಯಿತು" ಅಂತಲೇ ಬರುತ್ತದೆ.

ಡೋಸ್ 0, 2, 4, 6, 8 ಗ್ರೇ ಇಟ್ಟುಕೊಳ್ಳಿ. 0 ಗ್ರೇ ಪ್ಲೇಟನ್ನೂ ಮಷಿನ್ ರೂಮಿಗೆ ಒಯ್ಯಿರಿ, ರೇಡಿಯೇಶನ್ ಮಾತ್ರ ಕೊಡಬೇಡಿ. ಇನ್‌ಕ್ಯುಬೇಟರ್ ಹೊರಗೆ ಹತ್ತಿಪ್ಪತ್ತು ನಿಮಿಷ ಇದ್ದರೆ ಮೀಡಿಯಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ತಣ್ಣಗೂ ಆಗುತ್ತದೆ. ಆ ತೊಂದರೆ ಎಲ್ಲಾ ಪ್ಲೇಟ್‌ಗೂ ಸಮವಾಗಿ ಆಗಬೇಕಲ್ವಾ? ಆಸ್ಪತ್ರೆಯ ಲೀನಿಯರ್ ಆಕ್ಸಿಲರೇಟರ್ (ರೋಗಿಗಳಿಗೆ ರೇಡಿಯೇಶನ್ ಕೊಡುವ ಮಷಿನ್) ಬಳಸುವುದಾದರೆ ಫಿಸಿಸಿಸ್ಟ್ ಹತ್ತಿರ ಮೊದಲೇ ಮಾತಾಡಿ. 6 ಎಂವಿ (ಮೆಗಾವೋಲ್ಟ್) ಕಿರಣದ ಪೂರ್ತಿ ಡೋಸ್ ಸಿಗುವುದು ಸುಮಾರು ಒಂದೂವರೆ ಸೆಂಟಿಮೀಟರ್ ಆಳದಲ್ಲಿ, ಪ್ಲೇಟಿನಲ್ಲಿ ಮೀಡಿಯಾ ಇರುವುದು ಕೆಲವೇ ಮಿಲಿಮೀಟರ್. ಅದಕ್ಕೇ ಕಿರಣ ಬರುವ ಕಡೆ ಪ್ಲಾಸ್ಟಿಕ್ ಹಲಗೆ ಇಡುತ್ತಾರೆ. ಇದನ್ನು ಮರೆತರೆ ಸೆಲ್‌ಗಳಿಗೆ ಬಿದ್ದ ಡೋಸ್ ಕಡಿಮೆ, ನೀವು ಮಾತ್ರ ಅವು ಗಟ್ಟಿ ಅಂತ ಬರೆದುಕೊಂಡಿರುತ್ತೀರಿ!

ಆಮೇಲೆ 96 ವೆಲ್, ಅಂದರೆ 96 ಪುಟ್ಟ ಗುಳಿಗಳಿರುವ ಪ್ಲೇಟಿನಲ್ಲಿ ವೆಲ್‌ಗೆ 1, 5, 10, 20, 50 ಹೀಗೆ ಸೆಲ್ ಹಾಕಿ. ಜಾಸ್ತಿ ಡೋಸಿಗೆ ಜಾಸ್ತಿ ಸೆಲ್ ಬೇಕು, ಇಲ್ಲದಿದ್ದರೆ ಎಲ್ಲಾ ವೆಲ್ ಖಾಲಿ. ಹತ್ತರಿಂದ ಹದಿನಾಲ್ಕು ದಿನ ಇನ್‌ಕ್ಯುಬೇಟರ್‌ನಲ್ಲಿ ಬಿಟ್ಟುಬಿಡಿ, ದಿನಾ ತೆಗೆದು ನೋಡಬೇಡಿ. ಪ್ಲೇಟ್ ಅಲುಗಾಡಿದರೆ ಗೋಳಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎಷ್ಟು ದಪ್ಪ ಇದ್ದರೆ ಗೋಳ ಅನ್ನಬೇಕು ಅಂತ ಮೊದಲೇ ಬರೆದಿಡಿ, 50 ಮೈಕ್ರಾನ್ ಆಗಬಹುದು. ಎಣಿಸುವವರಿಗೆ ಯಾವ ಪ್ಲೇಟ್ ಯಾವ ಡೋಸಿನದು ಅಂತ ಗೊತ್ತಿರಬಾರದು. ಗೋಳ ಇದೆಯೋ ಇಲ್ಲವೋ, ಅಷ್ಟೇ ಬರೆಯಿರಿ. ಶೇಕಡಾ 37 ವೆಲ್‌ಗಳು ಖಾಲಿ ಉಳಿಯುವ ಸೆಲ್ ಸಂಖ್ಯೆ ಯಾವುದೋ, ಸರಾಸರಿ ಅಷ್ಟು ಸೆಲ್‌ಗೆ ಒಂದು ಗೋಳ ಕಟ್ಟುವ ಸೆಲ್ ಇದೆ ಎಂದರ್ಥ. ಎಲ್ಡಾ ಎಂಬ ಉಚಿತ ವೆಬ್ ಸಾಧನ ಈ ಲೆಕ್ಕ ಮಾಡಿಕೊಡುತ್ತದೆ.

ಡಿಎನ್‌ಎ ರಿಪೇರಿ ನೋಡಲು ಗಾಮಾ ಎಚ್2ಎಎಕ್ಸ್ ಚುಕ್ಕೆ ಎಣಿಸಿ, ಇದು ಡಿಎನ್‌ಎ ತುಂಡಾದ ಜಾಗದಲ್ಲಿ ಸೇರುವ ಪ್ರೋಟೀನ್. ರೇಡಿಯೇಶನ್ ಕೊಟ್ಟ ಅರ್ಧ ಗಂಟೆಗೆ ಕಾಣುವ ಚುಕ್ಕೆಗಳು ಪೆಟ್ಟು ಎಷ್ಟು ಬಿತ್ತು ಅಂತ ಹೇಳುತ್ತವೆ, 24 ಗಂಟೆಗೂ ಉಳಿದವು ರಿಪೇರಿ ಆಗದ್ದನ್ನು. ಒಂದೇ ಹೊತ್ತಿನ ಚಿತ್ರ ಹಿಡಿದು ತೀರ್ಮಾನ ಮಾಡಿದರೆ ಉಪಯೋಗವಿಲ್ಲ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಸಿಡಿ133 ಶೇಕಡಾವಾರು. ಲೆಕ್ಕಕ್ಕೆ ಅಂತ 1000 ಸೆಲ್ ತಗೊಳ್ಳಿ, 100ರಲ್ಲಿ ಗುರುತಿದೆ. ರೇಡಿಯೇಶನ್ ಆದಮೇಲೆ ಗುರುತಿರುವ 60, ಇಲ್ಲದ 140 ಉಳಿದವು. ಶೇಕಡಾ 10 ಇದ್ದದ್ದು 30 ಆಯ್ತು, ಆದರೆ ನಿಜವಾಗಿ ಗುರುತಿದ್ದ ಸೆಲ್‌ಗಳಲ್ಲೇ 40 ಸತ್ತಿವೆ! ಒಟ್ಟು ಸಂಖ್ಯೆ ಕೊಡದ ಗ್ರಾಫ್ ನಾನಂತೂ ನಂಬುವುದಿಲ್ಲ. ಅದಲ್ಲದೆ ಈ ಗುರುತಿಲ್ಲದ ಸೆಲ್‌ಗಳೂ ಗಡ್ಡೆ ಕಟ್ಟಿದ್ದನ್ನು ಬೇರೆ ತಂಡಗಳು ತೋರಿಸಿವೆ, ಮಾಮೂಲಿ ಗಡ್ಡೆ ಸೆಲ್‌ಗಳೇ ರೇಡಿಯೇಶನ್ ಬಿದ್ದಮೇಲೆ ಸ್ಟೆಮ್ ಸೆಲ್ ಗುಣಕ್ಕೆ ಮರಳುವುದೂ ಇದೆ. ಹಾಗಾಗಿ ಸಾಕ್ಸ್2, ನೆಸ್ಟಿನ್ ಎಂಬ ಬೇರೆ ಸ್ಟೆಮ್ ಸೆಲ್ ಗುರುತುಗಳನ್ನೂ ನೋಡಿ.

ಕೊನೆಗೆ, ಉಳಿದ ಗೋಳಗಳನ್ನು ಎಸೆಯಬೇಡಿ. ಸ್ವಲ್ಪ ಫ್ರೀಜ್ ಮಾಡಿ, ಡಬ್ಬಿ ಮೇಲೆ ಡೋಸ್ ಮತ್ತು ಪ್ಯಾಸೇಜ್ ಸಂಖ್ಯೆ (ಸೆಲ್‌ಗಳನ್ನು ಎಷ್ಟು ಸಲ ಬಿಡಿಸಿ ಮತ್ತೆ ಬೆಳೆಸಿದ್ದೀರಿ ಅನ್ನೋದು) ಬರೆಯಿರಿ. ಮಿಕ್ಕಿದ್ದನ್ನು ಮತ್ತೆ ಬಿಡಿಸಿ, ಮತ್ತೆ ಒಂಟಿ ಸೆಲ್ ಹಾಕಿ. ಎರಡನೇ ಸುತ್ತಿನಲ್ಲೂ ಗೋಳ ಕಟ್ಟಿದವನ್ನಷ್ಟೇ ಸ್ಟೆಮ್ ಸೆಲ್ ಲೆಕ್ಕಕ್ಕೆ ಸೇರಿಸಿ.