ಹಳೆಯ ಶಾರ್ಟ್‌ವೇವ್ ರೇಡಿಯೊ ಅಲೈನ್‌ಮೆಂಟ್: ಕಡಿಮೆ ಖರ್ಚಿನಲ್ಲಿ ಉಪಕರಣ ಹೊಂದಿಸಿಕೊಳ್ಳುವುದು ಹೇಗೆ?

ವಾಲ್ವ್‌ಗಳೆಲ್ಲ ಸರಿಯಿದ್ದು, ಲೀಕ್ ಆಗುತ್ತಿದ್ದ ಪೇಪರ್ ಕೆಪಾಸಿಟರ್‌ಗಳನ್ನು ಬದಲಿಸಿದ ಮೇಲೂ ಹಳೆಯ ಮರ್ಫಿ ಅಥವಾ ಫಿಲಿಪ್ಸ್ ಸೆಟ್ಟಿನಲ್ಲಿ ಮೀಡಿಯಂ ವೇವ್ ಮಾತ್ರ ಗಟ್ಟಿಯಾಗಿ ಕೇಳಿಸಿ, ಶಾರ್ಟ್‌ವೇವ್ ಬರೀ ಗೊರಗೊರ ಎನ್ನುತ್ತಿದ್ದರೆ, 31 ಮೀಟರಿನ ನಿಲಯಗಳು ಡಯಲಿನ ಮೇಲೆ ಬೇರೆಲ್ಲೋ ಸಿಗುತ್ತಿದ್ದರೆ, ಆ ರೇಡಿಯೊಗೆ ಅಲೈನ್‌ಮೆಂಟ್, ಅಂದರೆ ಒಳಗಿನ ಟ್ಯೂನಿಂಗ್ ಭಾಗಗಳನ್ನು ಡಯಲಿಗೆ ಸರಿಯಾಗಿ ಹೊಂದಿಸುವ ಕೆಲಸ, ಬೇಕಾಗಿದೆ ಎಂದು ತಿಳಿಯಬೇಕು. ದುಬಾರಿ ಸಿಗ್ನಲ್ ಜನರೇಟರ್ ಮತ್ತು ಆಸಿಲೋಸ್ಕೋಪ್ ಇಲ್ಲದೆ ಈ ಕೆಲಸ ಆಗದೆಂದು ಎಷ್ಟೋ ಜನ ಕೈಚೆಲ್ಲಿಬಿಡುತ್ತಾರೆ. ವಾಸ್ತವದಲ್ಲಿ ಬೇಕಾಗಿರುವುದು ಮೂರೇ: ನಂಬಬಹುದಾದ ಫ್ರೀಕ್ವೆನ್ಸಿ, ಬೇಕಾದಷ್ಟು ತಗ್ಗಿಸಬಹುದಾದ ಸಿಗ್ನಲ್, ಔಟ್‌ಪುಟ್ ಏರಿತೋ ಇಳಿಯಿತೋ ಎಂದು ತೋರಿಸುವ ಮೀಟರ್. ಆಸಿಲೋಸ್ಕೋಪ್ ಈ ಪಟ್ಟಿಯಲ್ಲಿಲ್ಲ. ಅದಕ್ಕೆಂದು ಎತ್ತಿಟ್ಟ ಹಣವನ್ನು ಮೊದಲೆರಡಕ್ಕೆ ಬಳಸುವುದೇ ಸರಿ.

ಮೀಟರ್ ಬಹುಪಾಲು ಮನೆಯಲ್ಲೇ ಇರುತ್ತದೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರನ್ನು ಎ.ಸಿ. ವೋಲ್ಟ್ ರೇಂಜಿನಲ್ಲಿಟ್ಟು ಸ್ಪೀಕರಿನ ಎರಡು ತುದಿಗಳಿಗೆ ಜೋಡಿಸಿದರೆ ಅದೇ ಔಟ್‌ಪುಟ್ ಮೀಟರ್ ಆಗುತ್ತದೆ. ಇದು ಕೆಲಸ ಮಾಡಬೇಕಾದರೆ ಜನರೇಟರಿನ ಸಿಗ್ನಲ್ಲಿಗೆ 400 ಅಥವಾ 1000 ಹರ್ಟ್ಸ್‌ನ ಮಾಡ್ಯುಲೇಷನ್ (ಸಿಗ್ನಲ್ಲಿನ ಮೇಲೆ ಹೇರಿದ, ಕಿವಿಗೆ ಕೇಳಿಸುವ ಸ್ವರ) ಇರಬೇಕು. ಮಾಡ್ಯುಲೇಷನ್ ಇಲ್ಲದ ಅಗ್ಗದ ಜನರೇಟರ್ ಆದರೆ ಎ.ವಿ.ಸಿ. (ತಾನಾಗಿಯೇ ವಾಲ್ಯೂಮ್ ನಿಯಂತ್ರಿಸುವ ವ್ಯವಸ್ಥೆ) ಲೈನಿನ ನೆಗೆಟಿವ್ ವೋಲ್ಟೇಜನ್ನು ಡಿ.ಸಿ. ರೇಂಜಿನಲ್ಲಿ ಅಳೆಯಬಹುದು, ಮೀಟರಿನ ಇನ್‌ಪುಟ್ 10 ಮೆಗಾಓಮ್ ಇದ್ದರೆ ಸರ್ಕ್ಯೂಟಿನ ಮೇಲೆ ಹೊರೆ ಬೀಳುವುದಿಲ್ಲ. ಎ.ಸಿ. ವಿಧಾನದಲ್ಲಿ ರೇಡಿಯೊದ ವಾಲ್ಯೂಮ್ ಪೂರ್ತಿ ತೆರೆದಿರಬೇಕು, ತಗ್ಗಿಸುವುದೇನಿದ್ದರೂ ಜನರೇಟರನ್ನು. ಸಿಗ್ನಲ್ ಜೋರಾದರೆ ಎ.ವಿ.ಸಿ. ಸೆಟ್ಟಿನ ಗೇನ್ ಇಳಿಸಿಬಿಡುತ್ತದೆ. ಆಗ ಕಾಯಿಲಿನೊಳಗಿನ ಕೋರ್ (ಟ್ಯೂನ್ ಮಾಡುವ ತಿರುಪು) ತಿರುಗಿಸಿದರೂ ಶಿಖರ ಚಪ್ಪಟೆಯಾಗಿ ಕಾಣುತ್ತದೆ.

ಇನ್ನು ಜನರೇಟರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮತ್ತು ಗುಜರಿ ವ್ಯಾಪಾರಿಗಳ ಬಳಿ ಲೀಡರ್ ಎಲ್‌ಎಸ್‌ಜಿ-17ರಂಥ ಹಳೆಯ ಸರ್ವಿಸ್ ಜನರೇಟರ್ ಕಣ್ಣಿಗೆ ಬಿದ್ದರೆ ಕೊಳ್ಳುವ ಆಸೆ ಸಹಜ. ಆದರೆ ಅಂಥವುಗಳ ಡಯಲನ್ನು ಮಾತ್ರ ನಂಬಬೇಡಿ. ಡಯಲಿನಲ್ಲಿ ಶೇಕಡ 1ರಷ್ಟು ತಪ್ಪಿದ್ದರೆ 455 ಕಿಲೊಹರ್ಟ್ಸ್‌ನಲ್ಲಿ ಅದು ಸುಮಾರು ನಾಲ್ಕೂವರೆ ಕಿಲೊಹರ್ಟ್ಸ್; 15 ಮೆಗಾಹರ್ಟ್ಸ್‌ನಲ್ಲಾದರೆ 150 ಕಿಲೊಹರ್ಟ್ಸ್. ಜೊತೆಗೊಂದು ಪುಟ್ಟ ಫ್ರೀಕ್ವೆನ್ಸಿ ಕೌಂಟರ್ ಮಾಡ್ಯೂಲ್ ಜೋಡಿಸಿಕೊಂಡರೆ ಮಾತ್ರ ಆ ಜನರೇಟರ್ ಉಪಯುಕ್ತ.

ಅದಕ್ಕಿಂತ ಅಗ್ಗದ ದಾರಿ ಎಸ್‌ಐ5351 ಮಾಡ್ಯೂಲ್. 25 ಮೆಗಾಹರ್ಟ್ಸ್ ಕ್ರಿಸ್ಟಲ್ ಆಧರಿಸಿದ ಈ ಪುಟ್ಟ ಬೋರ್ಡನ್ನು ಆರ್ಡುಯಿನೊ ನ್ಯಾನೊ ಎಂಬ ನಿಯಂತ್ರಕ ಬೋರ್ಡಿನ ಜೊತೆ ಸೇರಿಸಿದರೆ 455 ಕಿಲೊಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಬೇಕಾದ ಫ್ರೀಕ್ವೆನ್ಸಿ ಸಿಗುತ್ತದೆ. ಇದರಲ್ಲಿ ಮಾಡ್ಯುಲೇಷನ್ ಇಲ್ಲ, ಹೊರಬರುವುದು ಚೌಕ ಅಲೆ. ಆದ್ದರಿಂದ 5 ಮೆಗಾಹರ್ಟ್ಸ್‌ಗೆ ಇಟ್ಟಾಗ 15ರಲ್ಲೂ ಸದ್ದು ಕೇಳಿಸುತ್ತದೆ ಎಂಬುದು ನೆನಪಿರಲಿ. ಎಕ್ಸ್‌ಆರ್2206 ಕಿಟ್ ಕೂಡ ಅಗ್ಗವೇ, ಆದರೆ ಅದು 1 ಮೆಗಾಹರ್ಟ್ಸ್ ಆಸುಪಾಸಿನಲ್ಲೇ ನಿಂತುಬಿಡುವುದರಿಂದ ಶಾರ್ಟ್‌ವೇವ್ ಕೆಲಸಕ್ಕೆ ಸಾಲದು.

ಒಂದೇ ಉಪಕರಣ ಕೊಳ್ಳುವುದಾದರೆ ನನ್ನ ಆಯ್ಕೆ ಟೈನಿಎಸ್‌ಎ. ಇದು ಅಂಗೈಯಗಲದ ಸ್ಪೆಕ್ಟ್ರಂ ಅನಲೈಸರ್ ಆದರೂ ಜನರೇಟರ್ ಆಗಿಯೂ ಕೆಲಸ ಮಾಡುತ್ತದೆ: 100 ಕಿಲೊಹರ್ಟ್ಸ್‌ನಿಂದ 350 ಮೆಗಾಹರ್ಟ್ಸ್‌ವರೆಗೆ ಸೈನ್ ಅಲೆ, ಬೇಕೆಂದರೆ ಎ.ಎಂ. ಮಾಡ್ಯುಲೇಷನ್. ಔಟ್‌ಪುಟ್ಟನ್ನು ಮೈನಸ್ 76 ಡಿಬಿಎಂವರೆಗೆ, ಅಂದರೆ ಸುಮಾರು 35 ಮೈಕ್ರೊವೋಲ್ಟ್‌ಗೆ ಇಳಿಸಬಹುದು. ಅಲೈನ್‌ಮೆಂಟಿಗೆ ಬೇಕಾದದ್ದೇ ಈ ಗುಣ. ನಕಲಿಗಳು ಬಹಳ ಇರುವುದರಿಂದ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಬೇಕು.

ಎಸ್‌ಐ5351 ಬಳಸುವವರು ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರನ್ನು ತಾವೇ ಮಾಡಿಕೊಳ್ಳಬೇಕಾಗುತ್ತದೆ. ಸಿಗ್ನಲ್ ದಾರಿಯಲ್ಲಿ 240 ಓಮ್, ಅದರ ಎರಡೂ ತುದಿಗಳಿಂದ ಗ್ರೌಂಡಿಗೆ 62 ಓಮ್ ಹಾಕಿದರೆ 20 ಡೆಸಿಬಲ್‌ನ ಒಂದು ಹಂತ ಸಿದ್ಧವಾಗುತ್ತದೆ; ಪ್ರತಿ ಹಂತದಲ್ಲೂ ವೋಲ್ಟೇಜ್ ಹತ್ತನೇ ಒಂದಕ್ಕೆ ಇಳಿಯುತ್ತದೆ. ಮೂರು ನಾಲ್ಕು ಹಂತಗಳನ್ನು ಸರಣಿಯಲ್ಲಿ ಜೋಡಿಸಿ, ಒಂದೊಂದಕ್ಕೂ ಸ್ವಿಚ್ ಇಡಿ. ಮಾಡ್ಯೂಲನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಇಡದಿದ್ದರೆ ಸಿಗ್ನಲ್ ಅಟೆನ್ಯುಯೇಟರನ್ನು ಬಿಟ್ಟು ಗಾಳಿಯಲ್ಲೇ ರೇಡಿಯೊ ತಲುಪುತ್ತದೆ, ಪಟ್ಟ ಶ್ರಮವೆಲ್ಲ ವ್ಯರ್ಥ.

ಖರ್ಚಿಲ್ಲದೆ ಸಿಗುವ ಗುರುತುಗಳೂ ಇವೆ. ಚೀನಾದ ಬಿಪಿಎಂ ಸಮಯ ಸೂಚಕ ಕೇಂದ್ರ 5, 10 ಮತ್ತು 15 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೊಂದು ಟಿಕ್ ಕಳಿಸುತ್ತದೆ; ವಾತಾವರಣ ಅನುಕೂಲವಾಗಿದ್ದರೆ ನಮ್ಮಲ್ಲಿ ಕೇಳಿಸುತ್ತದೆ. ಮನೆಯಲ್ಲಿ ಡಿಜಿಟಲ್ ಶಾರ್ಟ್‌ವೇವ್ ರೇಡಿಯೊ ಇದ್ದರೆ ಅದನ್ನು ಹಳೆಯ ಸೆಟ್ಟಿನ ಪಕ್ಕದಲ್ಲಿಟ್ಟು ಹಳೆಯ ಸೆಟ್ಟಿನ ಲೋಕಲ್ ಆಸಿಲೇಟರನ್ನೇ (ರೇಡಿಯೊ ಒಳಗೇ ಅಲೆ ಹುಟ್ಟಿಸುವ ಭಾಗ) ಹಿಡಿಯಬಹುದು: ಐ.ಎಫ್. (ನಿಲಯದ ಸಿಗ್ನಲ್ಲನ್ನು ರೇಡಿಯೊ ಒಳಗೆ ಬದಲಿಸಿಕೊಳ್ಳುವ ಸ್ಥಿರ ಫ್ರೀಕ್ವೆನ್ಸಿ) 455 ಕಿಲೊಹರ್ಟ್ಸ್ ಇದ್ದು, ಹಳೆಯ ಡಯಲ್ 10 ಮೆಗಾಹರ್ಟ್ಸ್ ತೋರಿಸುವಾಗ ಡಿಜಿಟಲ್ ಸೆಟ್ಟಿನಲ್ಲಿ 10.455ರ ಬಳಿ ಹಿನ್ನೆಲೆಯ ಗೊರಗೊರ ಥಟ್ಟನೆ ಅಡಗಿ ಮೌನವಾದರೆ ಡಯಲ್ ಸರಿಯಾಗಿದೆ.

ಕೆಲಸ ಆರಂಭಿಸುವ ಮುನ್ನ ಒಂದು ಎಚ್ಚರಿಕೆ. ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎ.ಸಿ./ಡಿ.ಸಿ. ಸೆಟ್‌ಗಳಲ್ಲಿ ಚಾಸಿಗೇ 230 ವೋಲ್ಟ್ ಬಂದಿರಬಹುದು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥ ಸೆಟ್ಟಿಗೆ ಯಾವ ಉಪಕರಣವನ್ನೂ ಜೋಡಿಸಕೂಡದು. ಇದರಲ್ಲಿ ಉಳಿತಾಯದ ಮಾತೇ ಇಲ್ಲ. ಜನರೇಟರಿನ ತುದಿಯಲ್ಲಿ 630 ವೋಲ್ಟ್ ತಾಳುವ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಯಾವಾಗಲೂ ಇರಲಿ.

ಮೊದಲು ಐ.ಎಫ್. ಸರಿಪಡಿಸಬೇಕು. ಅದು ಎಲ್ಲ ಸೆಟ್ಟಿನಲ್ಲೂ 455 ಅಲ್ಲ. ಫಿಲಿಪ್ಸ್‌ನ ಹಲವು ಮಾದರಿಗಳಲ್ಲಿ 452, ಇನ್ನು ಕೆಲವದರಲ್ಲಿ 470 ಇರುವುದರಿಂದ ಸರ್ಕ್ಯೂಟ್ ಹಾಳೆ ನೋಡಿಯೇ ಮುಂದುವರಿಯಿರಿ. ಬ್ಯಾಂಡನ್ನು ಮೀಡಿಯಂ ವೇವ್‌ಗೆ ಹಾಕಿ, ಗ್ಯಾಂಗ್ (ಟ್ಯೂನಿಂಗ್ ಕೆಪಾಸಿಟರ್) ಪೂರ್ತಿ ಮುಚ್ಚಿ, ಮಿಕ್ಸರ್ ವಾಲ್ವಿನ, ಅಂದರೆ ಸಾಮಾನ್ಯವಾಗಿ ಇಸಿಎಚ್81ರ, ಸಿಗ್ನಲ್ ಗ್ರಿಡ್ಡಿಗೆ ಸಿಗ್ನಲ್ ಕೊಟ್ಟು, ಕೊನೆಯ ಐ.ಎಫ್. ಟ್ರಾನ್ಸ್‌ಫಾರ್ಮರಿನಿಂದ ಹಿಂದಕ್ಕೆ ಬರುತ್ತ ಪ್ರತಿ ಕೋರನ್ನೂ ಗರಿಷ್ಠ ರೀಡಿಂಗಿಗೆ ತನ್ನಿ. ಉಕ್ಕಿನ ಸ್ಕ್ರೂಡ್ರೈವರ್ ಬೇಡ: ತೆಗೆದ ಕೂಡಲೇ ಟ್ಯೂನಿಂಗ್ ಸರಿದುಬಿಡುತ್ತದೆ. ಪ್ಲಾಸ್ಟಿಕ್ಕಿನ ಹೆಣಿಗೆ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿಕೊಂಡರೆ ಸಾಕು. ಮೇಣ ಹಿಡಿದ ಕೋರನ್ನು ಬಲವಾಗಿ ತಿರುಗಿಸಿದರೆ ಒಡೆದುಹೋಗುತ್ತದೆ. ಹೇರ್ ಡ್ರೈಯರಿನಿಂದ ಹದವಾಗಿ ಬೆಚ್ಚಗೆ ಮಾಡಿ, ನಂತರ ಅಲುಗಿಸಿ.

ಬಳಿಕ ಶಾರ್ಟ್‌ವೇವ್. 400 ಓಮ್ ರೆಸಿಸ್ಟರ್ ಮೂಲಕ ಏರಿಯಲ್ ಸಾಕೆಟ್ಟಿಗೆ ಸಿಗ್ನಲ್ ಕೊಡಿ. 6ರಿಂದ 18 ಮೆಗಾಹರ್ಟ್ಸ್ ಬ್ಯಾಂಡಾದರೆ 6.5ರಲ್ಲಿ ಆಸಿಲೇಟರ್ ಕಾಯಿಲಿನ ಕೋರ್, 17ರಲ್ಲಿ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ಕೆಪಾಸಿಟರ್) ಹೊಂದಿಸಿ, ಎರಡೂ ತುದಿ ಡಯಲಿಗೆ ಕೂಡುವವರೆಗೆ ಮತ್ತೆ ಮತ್ತೆ ಮಾಡಿ. ಆಮೇಲೆ ಅವೇ ಜಾಗಗಳಲ್ಲಿ ಏರಿಯಲ್ ಕಾಯಿಲ್ ಮತ್ತು ಅದರ ಟ್ರಿಮ್ಮರನ್ನು ಗರಿಷ್ಠಕ್ಕೆ ತನ್ನಿ. 17ರಲ್ಲಿ ಆಸಿಲೇಟರ್ ಟ್ರಿಮ್ಮರಿಗೆ ಎರಡು ಕಡೆ ಸಿಗ್ನಲ್ ಸಿಗುತ್ತದೆ. ಆಸಿಲೇಟರ್ ಸಿಗ್ನಲ್ಲಿಗಿಂತ ಮೇಲಿರುವ ಸೆಟ್‌ಗಳಲ್ಲಿ ಟ್ರಿಮ್ಮರ್ ಹೆಚ್ಚು ಸಡಿಲವಾಗಿರುವ ಜಾಗವೇ ಸರಿಯಾದದ್ದು. ಖಚಿತಪಡಿಸಿಕೊಳ್ಳಲು ಜನರೇಟರನ್ನು 17ರಲ್ಲೇ ಬಿಟ್ಟು, ಸಿಗ್ನಲ್ ಸ್ವಲ್ಪ ಏರಿಸಿ, ಡಯಲನ್ನು 16.09ಕ್ಕೆ ತನ್ನಿ. ಐ.ಎಫ್.ನ ಎರಡರಷ್ಟು, ಅಂದರೆ 910 ಕಿಲೊಹರ್ಟ್ಸ್ ಕೆಳಗೆ ಅದೇ ಸಿಗ್ನಲ್ ಕ್ಷೀಣವಾಗಿ ಕೇಳಿಸಬೇಕು. ಅಲ್ಲಿ ಕೇಳಿಸದೆ 17.91ರಲ್ಲಿ ಕೇಳಿಸಿದರೆ ಟ್ರಿಮ್ಮರ್ ತಪ್ಪು ಜಾಗದಲ್ಲಿದೆ; ಅದನ್ನು ಇನ್ನಷ್ಟು ಸಡಿಲಿಸಿ, ಎರಡನೆಯ ಜಾಗ ಹಿಡಿದು, 6.5ರಿಂದ ಮತ್ತೆ ಆರಂಭಿಸಿ.